ಮೇಲಕ್ಕೆ ಎಸೆದ ಚೆಂಡು ಅದೇ ದಾರಿ ಯಾಕೆ ಹಿಡಿಯತ್ತೆ?

ಗುರುತ್ವವನ್ನ ಎಳೆತ ಅನ್ನದೆ ಜಾಗ ಮತ್ತೆ ಕಾಲದ ಬಾಗು ಅಂತ ನೋಡೋ ಐನ್‌ಸ್ಟೈನ್ ಅವರ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಪಾಠ ಮಾಡೋರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ನನಗೂ ಪ್ರತಿ ಬ್ಯಾಚ್‌ನಲ್ಲಿ ಬರತ್ತೆ, ಅದೂ ಚೆನ್ನಾಗಿ ಯೋಚ್ನೆ ಮಾಡೋ ಮಕ್ಕಳಿಂದಲೇ ಬರತ್ತೆ. "ಮೇಡಂ, ಭೂಮಿ ಸುತ್ತ ಜಾಗ ಬಾಗಿದೆ ಅಂತೀರಿ, ಒಪ್ಕೊಂಡೆ. ಓಡ್ತಿರೋ ವಸ್ತು ಆ ಬಾಗಿನ ಜೊತೆ ತಿರುಗತ್ತೆ ಅಂತೀರಿ, ಅದೂ ಸರಿ. ಆದ್ರೆ ಕೈಯಲ್ಲಿ ಸುಮ್ನೆ ಹಿಡ್ಕೊಂಡಿದ್ದ ಕಲ್ಲನ್ನ ಬಿಟ್ಟಾಗ ಅದು ಬೀಳೋಕೆ ಶುರು ಯಾಕೆ ಮಾಡತ್ತೆ? ನಿಂತಿದ್ದ ಕಲ್ಲಿಗೆ ದಾರಿ ಬಾಗಿದ್ರೇನು, ನೆಟ್ಟಗಿದ್ರೇನು?"

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಎಲ್ಲ ಕಡೆ ತೋರಿಸ್ತಾರಲ್ಲ ಆ ರಬ್ಬರ್ ಹಾಳೆ, ಮಧ್ಯೆ ಭಾರದ ಗುಂಡಿಟ್ಟು ಹಾಳೆ ಕುಸಿಯೋ ಹಾಗೆ ಮಾಡಿ ಪಕ್ಕದಲ್ಲಿ ಗೋಲಿ ಉರುಳಿಸೋದು, ಅದರ ಕೊರತೆ ಎಲ್ಲಿದೆ ಅಂತ ಈ ಪ್ರಶ್ನೆ ನೇರವಾಗಿ ಹಿಡಿದುಬಿಡತ್ತೆ. ಆ ಗೋಲಿ ಗುಂಡಿನ ಕಡೆ ಉರುಳೋದು ಹಾಳೆ ಕೆಳಗಿರೋ ಭೂಮಿಯ ಗುರುತ್ವದಿಂದ, ಅಂದ್ರೆ ಗುರುತ್ವ ಏನು ಅಂತ ವಿವರಿಸೋಕೆ ಗುರುತ್ವವನ್ನೇ ಒಳಗೆ ತಂದ ಹಾಗಾಯ್ತು. ಅದಕ್ಕಿಂತ ದೊಡ್ಡ ಕೊರತೆ, ಆ ಚಿತ್ರದಲ್ಲಿ ಕಾಲಕ್ಕೆ ಜಾಗವೇ ಇಲ್ಲ. ಕಲ್ಲು, ಚೆಂಡು, ಉಪಗ್ರಹ, ಚಂದ್ರ, ಹೀಗೆ ಬೆಳಕಿಗೆ ಹೋಲಿಸಿದ್ರೆ ನಿಧಾನವಾಗಿ ಚಲಿಸೋ ಎಲ್ಲದರ ವಿಷಯದಲ್ಲೂ ಜಾಗದ ಬಾಗು ಮಾಡೋ ಕೆಲಸ ಲೆಕ್ಕಕ್ಕೆ ಸಿಗದಷ್ಟು ಸಣ್ಣದು, ಹೆಚ್ಚೂಕಮ್ಮಿ ಎಲ್ಲಾ ಕೆಲಸವೂ ಆಗೋದು ಕಾಲದ ಕಡೆಯಿಂದ. ಅದನ್ನೇ ಇಲ್ಲಿ ಬಿಡಿಸಿ ಹೇಳ್ತೀನಿ, ಮಧ್ಯೆ ಒಂದು ಲೆಕ್ಕಾನೂ ಇದೆ, ಹೈಸ್ಕೂಲ್ ಗಣಿತ ಸಾಕು.

ಮೊದಲು ಒಂದು ಹಳೇ ವಿಷಯ ಹೊಸ ಕಣ್ಣಲ್ಲಿ ನೋಡ್ಬೇಕು. ಗಾಳಿಯ ಅಡ್ಡಿ ಇಲ್ಲ ಅಂದ್ರೆ ಹಗುರದ್ದು ಭಾರದ್ದು ಎಲ್ಲಾ ಒಂದೇ ಥರ ಬೀಳತ್ತೆ ಅಂತ ಗೆಲಿಲಿಯೋ ಕಾಲದಿಂದ ಗೊತ್ತು. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಸುತ್ತಿಗೆ ಮತ್ತೆ ಗಿಡುಗದ ಗರಿ ಎರಡನ್ನೂ ಒಟ್ಟಿಗೆ ಬಿಟ್ಟು ತೋರಿಸಿದ್ರು, ಎರಡೂ ಒಟ್ಟಿಗೇ ನೆಲ ಮುಟ್ಟಿದ್ವು. ಹಂಗೇರಿಯ ಎಟ್ವೋಶ್ 19ನೇ ಶತಮಾನದ ಕೊನೆಯಿಂದಲೇ ತಿರುಚು ತಕ್ಕಡಿ ಇಟ್ಕೊಂಡು ಇದನ್ನ ತುಂಬಾ ಸೂಕ್ಷ್ಮವಾಗಿ ಪರೀಕ್ಷೆ ಮಾಡ್ತಾ ಬಂದ್ರು. 2016ರಲ್ಲಿ ಹಾರಿಸಿದ ಮೈಕ್ರೋಸ್ಕೋಪ್ ಅನ್ನೋ ಉಪಗ್ರಹ ಟೈಟಾನಿಯಂ ಮತ್ತೆ ಪ್ಲಾಟಿನಂ ಸಿಲಿಂಡರ್‌ಗಳನ್ನ ಕಕ್ಷೆಯಲ್ಲಿ ಒಟ್ಟಿಗೆ ಬೀಳಿಸ್ತು, 2022ರಲ್ಲಿ ಬಂದ ಅಂತಿಮ ಫಲಿತಾಂಶ ನೋಡಿದ್ರೆ ಎರಡರ ಬೀಳುವಿಕೆಯಲ್ಲಿ ಹತ್ತು ಕೋಟಿ ಕೋಟಿಯಲ್ಲಿ ಕೆಲವು ಪಾಲಿನಷ್ಟೂ ವ್ಯತ್ಯಾಸ ಕಾಣಲಿಲ್ಲ.

ನ್ಯೂಟನ್ ಪ್ರಕಾರ ಇದು ಒಂದು ಆಕಸ್ಮಿಕ. ದ್ರವ್ಯರಾಶಿ ಜಾಸ್ತಿ ಇದ್ರೆ ಭೂಮಿ ಎಳೆಯೋದು ಜಾಸ್ತಿ, ಅದೇ ಲೆಕ್ಕದಲ್ಲಿ ಅದನ್ನ ಕದಲಿಸೋ ಕಷ್ಟವೂ ಜಾಸ್ತಿ, ಎರಡೂ ಕರಾರುವಾಕ್ಕಾಗಿ ಹೊಡೆದುಹೋಗತ್ತೆ. ಯಾಕೆ ಹೊಡೆದುಹೋಗ್ಬೇಕು ಅನ್ನೋದಕ್ಕೆ ಆ ಸಿದ್ಧಾಂತದಲ್ಲಿ ಉತ್ತರ ಇಲ್ಲ. ವಿದ್ಯುತ್ ಬಲ ಹೀಗೆ ಮಾಡಲ್ಲ, ಒಂದೇ ವಿದ್ಯುತ್ ಕ್ಷೇತ್ರದಲ್ಲಿ ಎಲೆಕ್ಟ್ರಾನ್ ಒಂದು ದಾರಿ, ಪ್ರೋಟಾನ್ ಇನ್ನೊಂದು ದಾರಿ, ನ್ಯೂಟ್ರಾನ್ ಮತ್ತೊಂದು ದಾರಿ. ಗುರುತ್ವದಲ್ಲಿ ಮಾತ್ರ, ಎಲ್ಲಿಂದ ಯಾವ ವೇಗದಲ್ಲಿ ಹೊರಟಿದೆ ಅಂತ ಗೊತ್ತಾದ್ರೆ ಸಾಕು, ಹೊರಟಿದ್ದು ಏನು ಅಂತ ಕೇಳೋ ಅಗತ್ಯವೇ ಇಲ್ಲ. ಹೋಗೋ ವಸ್ತು ಯಾವುದಾದ್ರೂ ದಾರಿ ಒಂದೇ ಅಂದ್ರೆ ಆ ದಾರಿ ವಸ್ತುವಿಗೆ ಸೇರಿದ್ದಲ್ಲ, ಅಲ್ಲಿನ ದೇಶಕಾಲಕ್ಕೆ, ಅಂದ್ರೆ ಜಾಗ ಮತ್ತೆ ಕಾಲ ಕೂಡಿದ ಹೆಣಿಗೆಗೆ, ಸೇರಿದ್ದು ಅಂತ ತಾನೇ ಅರ್ಥ?

ಐನ್‌ಸ್ಟೈನ್ 1907ರಲ್ಲಿ, ಇನ್ನೂ ಬರ್ನ್ ಪೇಟೆಂಟ್ ಆಫೀಸಲ್ಲಿ ಕೆಲಸ ಮಾಡ್ತಿದ್ದಾಗ, ಇದೇ ಎಳೆ ಹಿಡಿದು ಹೊರಟ್ರು. ಮೇಲಿಂದ ಬೀಳ್ತಿರೋ ಮನುಷ್ಯನಿಗೆ ತನ್ನ ಭಾರ ಗೊತ್ತಾಗಲ್ಲ ಅನ್ನೋ ಯೋಚ್ನೆ ಹೊಳೆದಿದ್ದು ಆಗ, ತಮ್ಮ ಜೀವನದ ಅತ್ಯಂತ ಸಂತೋಷದ ಯೋಚ್ನೆ ಅಂತ ಮುಂದೆ ಅವರೇ ಹೇಳ್ಕೊಂಡಿದ್ದಾರೆ. ಅಲ್ಲಿಂದ ಪೂರ್ತಿ ಸಿದ್ಧಾಂತ ತಲುಪೋಕೆ 1915ರ ನವೆಂಬರ್ ಆಯ್ತು.

ಆ ಯೋಚ್ನೆ ಎಷ್ಟು ನಿಜ ಅಂತ ನೋಡೋಕೆ ನಿಮ್ಮ ಫೋನೇ ಸಾಕು. ಫೋನೊಳಗೆ ಆಕ್ಸಿಲರೋಮೀಟರ್ ಅಂತ ಒಂದು ಪುಟ್ಟ ಸೆನ್ಸರ್ ಇರತ್ತೆ, ಅದರ ರೀಡಿಂಗ್ ತೋರಿಸೋ ಆ್ಯಪ್ ಸುಲಭವಾಗಿ ಸಿಗತ್ತೆ. ಫೋನನ್ನ ಟೇಬಲ್ ಮೇಲಿಟ್ಟು ನೋಡಿ, ಸುಮಾರು 9.8 ಅಂತ ತೋರಿಸತ್ತೆ, ದಿಕ್ಕು ಮೇಲಕ್ಕೆ. ಹಾಸಿಗೆ ಮೇಲೆ ಒಂದಡಿ ಎತ್ತರದಿಂದ ಬಿಡಿ, ಬೀಳ್ತಿರೋ ಅಷ್ಟು ಹೊತ್ತು ರೀಡಿಂಗ್ ಹೆಚ್ಚೂಕಮ್ಮಿ ಸೊನ್ನೆ. ಗಮನಿಸಿ, ನಿಂತಿರುವಾಗ 9.8, ಬೀಳುವಾಗ ಸೊನ್ನೆ, ನಾವು ಶಾಲೇಲಿ ಕಲಿತಿದ್ದಕ್ಕೆ ಪೂರ್ತಿ ಉಲ್ಟಾ. ಸೆನ್ಸರ್ ಕೆಟ್ಟಿಲ್ಲ. ತನ್ನ ಮೇಲೆ ನಿಜವಾಗಿ ಏನಾದ್ರೂ ಒತ್ತುತ್ತಾ ಇದೆಯಾ ಅಂತಷ್ಟೇ ಅದು ಅಳೆಯೋದು, ಟೇಬಲ್ ಮೇಲಿದ್ದಾಗ ಟೇಬಲ್ ಕೆಳಗಿಂದ ಮೇಲಕ್ಕೆ ಒತ್ತುತ್ತಾ ಇರತ್ತೆ, ಬೀಳುವಾಗ ಒತ್ತೋರು ಯಾರೂ ಇಲ್ಲ. ಅಂತರಿಕ್ಷ ನಿಲ್ದಾಣದಲ್ಲಿ ತೇಲೋರ ಕಥೆನೂ ಇದೇ, 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಗುರುತ್ವ ನೆಲದ ಮೇಲಿರೋದರ ಸುಮಾರು 90 ಪರ್ಸೆಂಟ್ ಹಾಗೇ ಇದೆ, ಆದ್ರೆ ನಿಲ್ದಾಣವೂ ಒಳಗಿರೋರೂ ಒಟ್ಟಿಗೆ ಬೀಳ್ತಾ ಇರೋದ್ರಿಂದ ಒತ್ತೋದು ಅನ್ನೋದೇ ಇಲ್ಲ.

ಹಾಗಾಗಿ ಐನ್‌ಸ್ಟೈನ್ ಲೆಕ್ಕದಲ್ಲಿ ತನ್ನ ಪಾಡಿಗೆ ತಾನು ಬಿಟ್ಟ ಸ್ಥಿತಿ ಅಂದ್ರೆ ಬೀಳ್ತಿರೋದು. ನೆಲದ ಮೇಲೆ ನಿಂತಿರೋ ನಾವೇ ಕ್ಷಣಕ್ಷಣಕ್ಕೂ ನಮ್ಮ ಸಹಜ ದಾರಿಯಿಂದ ಮೇಲಕ್ಕೆ ತಳ್ಳಿಸ್ಕೊಳ್ತಾ ಇರೋದು. ಕಾಲಡಿಯಲ್ಲಿ ಗೊತ್ತಾಗೋ ಒತ್ತಡ ಅದೇ.

ಈಗ ಆ ನಿಂತ ಕಲ್ಲಿನ ಪ್ರಶ್ನೆಗೆ ಬರೋಣ. 1908ರಲ್ಲಿ ಮಿಂಕೋವ್‌ಸ್ಕಿ ಅನ್ನೋ ಗಣಿತಜ್ಞ ಜಾಗ ಮತ್ತೆ ಕಾಲ ಎರಡನ್ನೂ ಸೇರಿಸಿ ಒಂದೇ ಹೆಣಿಗೆಯಾಗಿ ನೋಡ್ಬೇಕು ಅಂದ್ರು, ಅದೇ ದೇಶಕಾಲ. ಆ ಹೆಣಿಗೆಯಲ್ಲಿ ಯಾವುದೂ ನಿಂತಿರೋಕೆ ಸಾಧ್ಯವಿಲ್ಲ. ಕಲ್ಲು ಕೈಯಲ್ಲಿ ಅಲ್ಲಾಡದೆ ಇದ್ದಾಗಲೂ ಕಾಲದಲ್ಲಿ ಮುಂದೆ ಹೋಗ್ತಾನೇ ಇದೆ, ಮತ್ತೆ ಅದು ಸಣ್ಣ ಪ್ರಯಾಣ ಅಲ್ಲ. ಕಾಲವನ್ನ ದೂರದ ಅಳತೆಗೆ ತರೋಕೆ ಬೆಳಕಿನ ವೇಗದಿಂದ ಗುಣಿಸ್ಬೇಕು, ಆಗ ಒಂದು ಸೆಕೆಂಡು ಅಂದ್ರೆ ಸುಮಾರು ಮೂರು ಲಕ್ಷ ಕಿಲೋಮೀಟರ್. ಕಲ್ಲನ್ನ ಬಿಟ್ಟು ಒಂದು ಸೆಕೆಂಡಿಗೆ ಅದು ಕೆಳಗೆ ಬಂದಿರೋದು 4.9 ಮೀಟರ್, ಅಷ್ಟರಲ್ಲಿ ಕಾಲದ ಕಡೆ ಮೂರು ಲಕ್ಷ ಕಿಲೋಮೀಟರ್ ದಾಟಿ ಆಗಿದೆ. ಅಂದ್ಮೇಲೆ ಕೇಳಬೇಕಾದ ಪ್ರಶ್ನೆ ಬೇರೆ. ಕಾಲದ ಕಡೆ ಅಷ್ಟು ವೇಗವಾಗಿ ಹೋಗ್ತಿದ್ದದ್ದು ಇಷ್ಟೇ ಇಷ್ಟು ಕೆಳಗಿನ ಕಡೆ ತಿರುಗಿದ್ದು ಯಾಕೆ?

ಯಾಕಂದ್ರೆ ಭೂಮಿ ಹತ್ರ ಕಾಲ ಎಲ್ಲಾ ಎತ್ತರದಲ್ಲೂ ಒಂದೇ ಥರ ಓಡಲ್ಲ. ಕೆಳಗಿನ ಗಡಿಯಾರ ನಿಧಾನ, ಮೇಲಿನದು ವೇಗ. ಇದು ಮಾತಿನ ಅಲಂಕಾರ ಅಲ್ಲ, ಅಳೆದಿದ್ದಾರೆ. ಪೌಂಡ್ ಮತ್ತೆ ರೆಬ್ಕಾ 1960ರ ಹೊತ್ತಿಗೆ ಹಾರ್ವರ್ಡ್‌ನ ಒಂದು ಕಟ್ಟಡದಲ್ಲಿ 22.5 ಮೀಟರ್ ಎತ್ತರದ ವ್ಯತ್ಯಾಸದಲ್ಲಿ ಗಾಮಾ ಕಿರಣದ ಆವರ್ತನ, ಅಂದ್ರೆ ಅದರ ಅಲೆ ಸೆಕೆಂಡಿಗೆ ಎಷ್ಟು ಸಲ ಮಿಡಿಯತ್ತೆ ಅನ್ನೋದು (ಆ ಮಿಡಿತವೂ ಒಂದು ಗಡಿಯಾರವೇ), ಬದಲಾಗೋದನ್ನ ತೋರಿಸಿದ್ರು. 2010ರಲ್ಲಿ ಅಮೆರಿಕದ ಎನ್‌ಐಎಸ್‌ಟಿ ಪ್ರಯೋಗಾಲಯದವರು ಎರಡು ಪರಮಾಣು ಗಡಿಯಾರಗಳಲ್ಲಿ ಒಂದನ್ನ 33 ಸೆಂಟಿಮೀಟರ್ ಮೇಲೆತ್ತಿ ವ್ಯತ್ಯಾಸ ಹಿಡಿದ್ರು. 2022ರಲ್ಲಿ ಭೌತವಿಜ್ಞಾನಿ ಜುನ್ ಯೆ ಅವರ ತಂಡ ಒಂದೇ ಒಂದು ಮಿಲಿಮೀಟರ್ ಎತ್ತರದೊಳಗೆ, ಒಂದೇ ಪರಮಾಣು ಗುಂಪಿನ ಮೇಲ್ತುದಿ ಕೆಳತುದಿ ಮಧ್ಯೆ, ಕಾಲ ಬೇರೆ ಬೇರೆ ಓಡೋದನ್ನ ಅಳೀತು. ಓದಿದಾಗ ಮೈ ಜುಂ ಅಂದಿತ್ತು ನನಗೆ, ಉಗುರಿನ ದಪ್ಪದಷ್ಟು ಎತ್ತರಕ್ಕೆ ಕಾಲ ಬೇರೆ ಅಂದ್ರೆ! ಲೆಕ್ಕ ಹೇಳೋದಾದ್ರೆ, ಒಂದು ಮೀಟರ್ ಮೇಲೆ ಹೋದ್ರೆ ಗಡಿಯಾರ ನೂರು ಕೋಟಿ ಕೋಟಿಯಲ್ಲಿ ಸುಮಾರು 1.09 ಪಾಲು ವೇಗ ಆಗತ್ತೆ. ಜಿಪಿಎಸ್ ಉಪಗ್ರಹದ ಎತ್ತರಕ್ಕೆ ಇದು ದಿನಕ್ಕೆ ಸುಮಾರು 45 ಮೈಕ್ರೋಸೆಕೆಂಡ್ ಗಳಿಕೆ, ಅದರ ವೇಗದಿಂದ ಆಗೋ 7 ಮೈಕ್ರೋಸೆಕೆಂಡ್ ನಷ್ಟ ಕಳೆದ್ರೆ ಉಳಿಯೋದು 38.

ಇನ್ನೊಂದು ವಿಷಯ ಸೇರಿಸಿದ್ರೆ ಸಾಮಾನೆಲ್ಲಾ ರೆಡಿ. ಬಾಗಿಲ್ಲದ ದೇಶಕಾಲದಲ್ಲಿ ನೇರ ದಾರಿ ಅಂದ್ರೆ ಏನು? ಬರೀ ಜಾಗದಲ್ಲಿ ಎರಡು ಬಿಂದುಗಳ ಮಧ್ಯೆ ನೇರ ದಾರಿ ಎಲ್ಲಕ್ಕಿಂತ ಚಿಕ್ಕದು. ದೇಶಕಾಲದ ಅಳತೆಯಲ್ಲಿ ಕಾಲದ ವರ್ಗದಿಂದ ಜಾಗದ ವರ್ಗವನ್ನ ಕಳೀಬೇಕು, ಕೂಡೋ ಹಾಗಿಲ್ಲ, ಆ ಒಂದು ಮೈನಸ್ ಚಿಹ್ನೆಯಿಂದ ಎಲ್ಲಾ ತಿರುಗಾಮುರುಗಾ ಆಗತ್ತೆ. ಒಂದು ಘಟನೆಯಿಂದ ಇನ್ನೊಂದು ಘಟನೆಗೆ ಹೋಗೋ ಗಡಿಯಾರಗಳಲ್ಲಿ, ಸುತ್ತಿ ಬಳಸಿ ಹೋದದ್ದು ಕಮ್ಮಿ ಸೆಕೆಂಡು ಎಣಿಸತ್ತೆ, ನೇರ ಹೋದದ್ದು ಎಲ್ಲಕ್ಕಿಂತ ಜಾಸ್ತಿ. ರಾಕೆಟ್‌ನಲ್ಲಿ ಹೋಗಿ ಬಂದ ಅವಳಿ ಸೋದರನಿಗೆ ಮನೇಲಿದ್ದ ಸೋದರನಿಗಿಂತ ವಯಸ್ಸು ಕಮ್ಮಿ ಆಗಿರೋ ಕಥೆ ಕೇಳಿರ್ತೀರಿ, ಅದು ಇದೇ. ಬಾಗಿರೋ ದೇಶಕಾಲದಲ್ಲೂ ಇದೇ ನಿಯಮ ಇಟ್ಕೊಳ್ಳಿ. ಅಕ್ಕಪಕ್ಕದ ದಾರಿಗಳಿಗೆ ಹೋಲಿಸಿದ್ರೆ ಸ್ವಂತ ಗಡಿಯಾರ ಅತಿ ಹೆಚ್ಚು ಸಮಯ ಎಣಿಸೋ ದಾರಿಗೆ ಜಿಯೊಡೆಸಿಕ್ ಅಂತ ಹೆಸರು. ಸ್ವತಂತ್ರವಾಗಿ ಬೀಳೋ ವಸ್ತು ಹಿಡಿಯೋದು ಆ ದಾರೀನೇ.

ಮಾಡಿ ನೋಡೋಣ. ಒಂದು ಚೆಂಡನ್ನ ನೆಟ್ಟಗೆ ಮೇಲಕ್ಕೆ ಎಸೀತೀವಿ, ಸರಿಯಾಗಿ 2 ಸೆಕೆಂಡಿಗೆ ಅದು ಕೈಗೆ ವಾಪಸ್ ಬರತ್ತೆ. ಹೊರಟ ಜಾಗ, ಹೊರಟ ಸಮಯ, ಬಂದ ಜಾಗ, ಬಂದ ಸಮಯ ಎಲ್ಲಾ ಫಿಕ್ಸ್. ಮಧ್ಯೆ ಚೆಂಡು ಎಷ್ಟು ಎತ್ತರ ಹೋಗ್ಬೇಕು ಅಂತ ಗೊತ್ತಿಲ್ಲ ಅಂದ್ಕೊಳ್ಳಿ. ಚೆಂಡೊಳಗೆ ಒಂದು ಅದ್ಭುತ ಗಡಿಯಾರ ಇದೆ, ಅದು ಕೈಯಲ್ಲಿರೋ ಗಡಿಯಾರಕ್ಕಿಂತ ಎಷ್ಟು ಜಾಸ್ತಿ ಎಣಿಸತ್ತೆ ನೋಡ್ಬೇಕು. ಇಲ್ಲಿ ಎರಡು ಎಳೆದಾಟ ಇದೆ. ಎತ್ತರ ಹೋದಷ್ಟೂ ಮೇಲೆ ಕಾಲ ವೇಗ, ಗಳಿಕೆ. ಆದ್ರೆ ಜಾಸ್ತಿ ಎತ್ತರ ಹೋಗಿ 2 ಸೆಕೆಂಡಲ್ಲೇ ವಾಪಸ್ ಬರ್ಬೇಕಂದ್ರೆ ಜೋರಾಗಿ ಓಡ್ಬೇಕು, ಓಡೋ ಗಡಿಯಾರ ನಿಧಾನ, ನಷ್ಟ. ಒಂದು ಸೆಕೆಂಡನ್ನ ನೂರು ಕೋಟಿ ಕೋಟಿ ಪಾಲು ಮಾಡಿ ಅದರಲ್ಲಿ ಒಂದಕ್ಕೆ ಚೂರು ಅನ್ನೋಣ, ಮತ್ತೆ ಚೆಂಡಿನ ದಾರಿ ನಮಗೆ ಗೊತ್ತಿರೋ ಪ್ಯಾರಾಬೋಲಾ ಆಕಾರದ್ದೇ, ಎತ್ತರ ಮಾತ್ರ ಬದಲಾಯಿಸ್ತಾ ಹೋಗ್ತೀವಿ ಅಂದ್ಕೊಳ್ಳೋಣ.

ಚೆಂಡು ಕೈಯಲ್ಲೇ ಇತ್ತು, ಮೇಲೆ ಹೋಗಲೇ ಇಲ್ಲ ಅಂದ್ರೆ ಗಳಿಕೆ ಸೊನ್ನೆ, ನಷ್ಟ ಸೊನ್ನೆ. 2.45 ಮೀಟರ್ ಹೋಗಿ ಬಂತು ಅಂದ್ರೆ ಎತ್ತರದಿಂದ 3.56 ಚೂರು ಗಳಿಕೆ, ವೇಗದಿಂದ 0.89 ಚೂರು ನಷ್ಟ, ನಿವ್ವಳ 2.67. ಎತ್ತರ 4.9 ಮೀಟರ್ ಮಾಡಿ, ಗಳಿಕೆ 7.12, ನಷ್ಟ 3.56, ನಿವ್ವಳ 3.56. ಇನ್ನೂ ಮೇಲೆ, 7.35 ಮೀಟರ್, ಗಳಿಕೆ 10.69 ಆದ್ರೂ ನಷ್ಟ 8.01ಕ್ಕೆ ಏರಿಬಿಡತ್ತೆ, ನಿವ್ವಳ ಮತ್ತೆ 2.67ರ ಆಸುಪಾಸಿಗೆ ಇಳೀತು. 9.8 ಮೀಟರ್ ಹೋಗಿ ಬಂದ್ರೆ ಗಳಿಕೆ ನಷ್ಟ ಎರಡೂ 14.25, ಕೈಯಲ್ಲಿ ಉಳಿಯೋದು ಸೊನ್ನೆ. ಎತ್ತರದ ಗಳಿಕೆ ಎತ್ತರದ ಜೊತೆ ನೇರವಾಗಿ ಏರತ್ತೆ, ವೇಗದ ನಷ್ಟ ವರ್ಗದ ಲೆಕ್ಕದಲ್ಲಿ ಏರತ್ತೆ, ಅದಕ್ಕೇ ಎಲ್ಲೋ ಒಂದು ಕಡೆ ತುದಿ ಬರಲೇಬೇಕು, ಅದು ಬರೋದು 4.9 ಮೀಟರಿಗೆ. ಈಗ ಹೈಸ್ಕೂಲ್ ಸೂತ್ರ ಹಾಕಿ, 2 ಸೆಕೆಂಡಲ್ಲಿ ವಾಪಸ್ ಬರೋ ಚೆಂಡು ಎಷ್ಟು ಎತ್ತರ ಹೋಗತ್ತೆ? 4.9 ಮೀಟರ್. ನ್ಯೂಟನ್ ಹೇಳಿದ ಅದೇ ಎತ್ತರ, ಬಲ ಅನ್ನೋ ಪದವನ್ನೇ ಬಳಸದೆ, ಎರಡು ಗಡಿಯಾರಗಳನ್ನ ಹೋಲಿಸಿ ಬಂತು. ಎಷ್ಟು ಸಲ ಬೋರ್ಡ್ ಮೇಲೆ ಬರೆದಿದ್ರೂ ಈ ಉತ್ತರ ಬಂದಾಗ ನನಗೆ ಆಗೋ ಸಂತೋಷ ಕಮ್ಮಿಯಾಗಿಲ್ಲ. ಪ್ಯಾರಾಬೋಲಾ ಅಂತ ಮೊದಲೇ ಹಿಡಿದ್ವಲ್ಲ, ಆಕಾರವನ್ನೂ ಬಿಟ್ಟು ಎಲ್ಲಾ ಥರದ ದಾರಿಗಳನ್ನ ಹೋಲಿಸಿದ್ರೂ ಗೆಲ್ಲೋದು ಅದೇ. ಭೌತಶಾಸ್ತ್ರ ಓದಿರೋರಿಗೆ ಇದರಲ್ಲಿ ಪರಿಚಯದ ಮುಖ ಕಾಣತ್ತೆ, ಚಲನಶಕ್ತಿಯಿಂದ ಸ್ಥಿತಿಶಕ್ತಿ ಕಳೆದು ಕಾಲದುದ್ದಕ್ಕೂ ಕೂಡೋ ಕನಿಷ್ಠ ಕ್ರಿಯೆಯ ತತ್ವ ಇದೆಯಲ್ಲ, ಅದು ಈ ಗಡಿಯಾರದ ಲೆಕ್ಕವೇ, ಚಿಹ್ನೆ ಬದಲಾಗಿದೆ ಅಷ್ಟೆ.

ಕಲ್ಲಿಗೂ ಇದೇ ಉತ್ತರ. ಬಿಟ್ಟ ಕ್ಷಣದಲ್ಲಿ ಅದು ಪೂರ್ತಿ ಕಾಲದ ದಿಕ್ಕಲ್ಲಿ ಹೋಗ್ತಿರತ್ತೆ. ಅಲ್ಲಿಂದ ಮುಂದಿನ ನೇರ ದಾರಿ, ಕಾಲ ಎತ್ತರದ ಜೊತೆ ಬದಲಾಗೋ ಜಾಗದಲ್ಲಿ, ನೆಲದ ಕಡೆಗೆ ವಾಲಿದ ದಾರಿ. ಮೇಲೆ ಕಾಲ ವೇಗ ಅಂದ್ಮೇಲೆ ಕಲ್ಲು ಮೇಲಕ್ಕೆ ಹೋಗ್ಬೇಕಿತ್ತಲ್ವಾ ಅಂತ ಕೆಲವರಿಗೆ ಅನ್ಸತ್ತೆ. ಚೆಂಡಿನ ಲೆಕ್ಕ ಮತ್ತೆ ನೋಡಿ, ಎರಡು ತುದಿಗಳ ಮಧ್ಯೆ ದಾರಿ ಮೇಲಕ್ಕೆ ಉಬ್ಬಿದೆ. ಮೇಲಕ್ಕೆ ಉಬ್ಬಿದ ದಾರಿಯ ಶಿಖರದಿಂದ ಮುಂದಕ್ಕೆ ನೋಡಿದ್ರೆ ಕಾಣೋದು ಕೆಳಗೆ ಬಾಗೋದೇ ತಾನೇ, ಕೈಯಿಂದ ಬಿಟ್ಟ ಕಲ್ಲು ಅಂದ್ರೆ ಆ ಶಿಖರದಿಂದ ಹೊರಟ ಚೆಂಡು.

ಬಾಗು ಎಷ್ಟು ಅಂತಲೂ ನೋಡ್ಬೇಕು. ಮೆಲ್ಲಗೆ ಎಸೆದ ಚೆಂಡು ಗಾಳಿಯಲ್ಲಿ ಚೆನ್ನಾಗಿ ಕಮಾನು ಬಿಡಿಸತ್ತೆ, ಬಂದೂಕಿನ ಗುಂಡು ಹೆಚ್ಚೂಕಮ್ಮಿ ನೇರ ಹೋಗತ್ತೆ, ಒಂದೇ ಭೂಮಿ, ಒಂದೇ ಜಾಗ, ಎರಡು ಬೇರೆ ಬಾಗು ಹೇಗೆ? ಬರೀ ಜಾಗದಲ್ಲಿ ನೋಡಿದ್ರೆ ಮಾತ್ರ ಬೇರೆ. ಕಾಲದ ಅಕ್ಷವನ್ನೂ ಸೇರಿಸಿ ಗ್ರಾಫ್ ಹಾಕಿದ್ರೆ ಚೆಂಡಿನ 2 ಸೆಕೆಂಡಿನ ಪ್ರಯಾಣ ಆರು ಲಕ್ಷ ಕಿಲೋಮೀಟರ್ ಉದ್ದದ ಗೆರೆ, ಅದರ ಮಧ್ಯಭಾಗ ಉಬ್ಬಿರೋದು 4.9 ಮೀಟರ್. ಗುಂಡಿನ 2 ಸೆಕೆಂಡಿನ ಗೆರೆ ತೆಗೊಂಡ್ರೂ ಅದೇ ಉಬ್ಬಿನ ಅಳತೆ ಬರತ್ತೆ. ಎರಡೂ ಒಂದೇ ವೃತ್ತದ ತುಣುಕುಗಳು ಅನ್ನೋ ಹಾಗೆ, ಆ ವೃತ್ತದ ತ್ರಿಜ್ಯ ಸುಮಾರು ಒಂದು ಬೆಳಕಿನ ವರ್ಷ! ಬೆಳಕಿನ ವೇಗದ ವರ್ಗವನ್ನ 9.8ರಿಂದ ಭಾಗಿಸಿ, ಬಂದುಬಿಡತ್ತೆ. ಅಷ್ಟು ನವಿರಾದ ಬಾಗು ನಮಗೆ ಇಷ್ಟು ಜೋರಾಗಿ ಕಾಣೋಕೆ ಕಾರಣ, ಕಾಲದ ಕಡೆ ನಾವು ಅಷ್ಟು ದೂರ ಹೋಗ್ತಿರ್ತೀವಿ.

ಇಷ್ಟು ಹೇಳಿದ್ಮೇಲೆ ಒಳ್ಳೇ ವಿದ್ಯಾರ್ಥಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗ್ತಾರೆ, ಚೆಂಡಿಗೆ ಹೇಗೆ ಗೊತ್ತಾಗತ್ತೆ, ಎಲ್ಲಾ ದಾರಿ ಮೊದಲೇ ಲೆಕ್ಕ ಹಾಕಿ ಹೊರಡತ್ತಾ ಅಂತ. ಜಿಯೊಡೆಸಿಕ್ ಅನ್ನೋದನ್ನ ಹೆಜ್ಜೆಹೆಜ್ಜೆಗೂ ಎಡಕ್ಕಾಗ್ಲಿ ಬಲಕ್ಕಾಗ್ಲಿ ತಿರುಗದೆ ಮುಂದೆ ಹೋಗೋ ದಾರಿ ಅಂತಲೂ ಬರೀಬಹುದು, ಗಣಿತದಲ್ಲಿ ಎರಡೂ ಒಂದೇ, ಹಾಗೆ ನೋಡಿದ್ರೆ ಚೆಂಡಿಗೆ ಮುಂದಿನದು ಏನೂ ಗೊತ್ತಿರೋ ಅಗತ್ಯ ಇಲ್ಲ. ಆದ್ರೆ ನನಗೆ ಹೆಚ್ಚು ಸಮಾಧಾನ ಕೊಡೋ ಉತ್ತರ ಕ್ವಾಂಟಂ ಕಡೆಯಿಂದ ಬರತ್ತೆ. ಪ್ರತಿ ವಸ್ತುವಿಗೂ ಒಂದು ಅಲೆ ಇದೆ, ಒಂದು ದಾರಿಯಲ್ಲಿ ಆ ಅಲೆ ಎಷ್ಟು ಸುತ್ತು ತಿರುಗತ್ತೆ ಅನ್ನೋದು ಆ ದಾರಿಯ ಸ್ವಂತ ಗಡಿಯಾರದ ಸಮಯವನ್ನ ಅವಲಂಬಿಸಿರತ್ತೆ. ಫೈನ್‌ಮನ್ 1948ರಲ್ಲಿ ತೋರಿಸಿದ ಹಾಗೆ ಎಲ್ಲಾ ದಾರಿಗಳ ಅಲೆಗಳನ್ನೂ ಕೂಡಬೇಕು. ಸಮಯ ಗರಿಷ್ಠ ಆಗೋ ದಾರಿಯ ಆಸುಪಾಸಲ್ಲಿ ಸ್ವಲ್ಪ ಆಚೀಚೆ ಆದ್ರೂ ಸಮಯ ಹೆಚ್ಚು ಬದಲಾಗಲ್ಲ, ಗುಡ್ಡದ ತುದಿ ಹತ್ರ ನೆಲ ಸಮತಟ್ಟಾಗಿರತ್ತಲ್ಲ ಹಾಗೆ, ಅಲ್ಲಿ ಅಲೆಗಳು ಒಂದಕ್ಕೊಂದು ಕೂಡ್ಕೊಂಡು ಬಲ ಪಡೆಯತ್ವೆ. ಬೇರೆ ಕಡೆ ಪಕ್ಕಪಕ್ಕದ ದಾರಿಗಳ ಅಲೆಗಳು ಒಂದನ್ನೊಂದು ಅಳಿಸಿಹಾಕ್ತವೆ. 150 ಗ್ರಾಂ ಚೆಂಡು ಮೇಲಿನ ಲೆಕ್ಕದಲ್ಲಿ 4.9 ಮೀಟರಿಗಿಂತ ಒಂದು ಮಿಲಿಮೀಟರ್ ಜಾಸ್ತಿ ಹೋದ್ರೂ ಅದರ ಅಲೆಯಲ್ಲಿ ಆಗೋ ವ್ಯತ್ಯಾಸ ಸುಮಾರು 3ರ ಮುಂದೆ 26 ಸೊನ್ನೆ ಹಾಕಿದಷ್ಟು ಸುತ್ತು, ಅದಕ್ಕೇ ಚೆಂಡಿನ ದಾರಿ ಅಷ್ಟು ಖಚಿತ. ಇದು ಬರೀ ಕಾಗದದ ಮೇಲಿನ ಮಾತಲ್ಲ, 1975ರಲ್ಲಿ ಕೊಲೆಲ್ಲಾ, ಓವರ್‌ಹೌಸರ್, ವರ್ನರ್ ಮೂವರೂ ಸೇರಿ ನ್ಯೂಟ್ರಾನ್ ಅಲೆಯನ್ನ ಎರಡು ದಾರಿಗೆ ಒಡೆದು, ಒಂದನ್ನ ಸ್ವಲ್ಪ ಮೇಲಿಂದ ಒಂದನ್ನ ಸ್ವಲ್ಪ ಕೆಳಗಿಂದ ಕಳಿಸಿ, ಮತ್ತೆ ಸೇರಿಸಿದಾಗ ಗುರುತ್ವದಿಂದ ಆದ ಅಲೆಯ ವ್ಯತ್ಯಾಸ ಕಂಡ್ರು.

ಐನ್‌ಸ್ಟೈನ್ ಕಡೆಯಿಂದಲೂ ಒಂದು ಉತ್ತರ ಇದೆ, ಅದು ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಶುರುವಿನಲ್ಲಿ ಅವರು ಎರಡು ನಿಯಮ ಇಟ್ಟಿದ್ರು, ದ್ರವ್ಯ ಮತ್ತೆ ಶಕ್ತಿ ದೇಶಕಾಲವನ್ನ ಹೇಗೆ ಬಾಗಿಸತ್ತೆ ಅನ್ನೋದು ಒಂದು, ವಸ್ತುಗಳು ಜಿಯೊಡೆಸಿಕ್ ಹಿಡಿದು ಹೋಗ್ತವೆ ಅನ್ನೋದು ಇನ್ನೊಂದು. 1927ರಲ್ಲಿ ಗ್ರೊಮ್ಮರ್ ಜೊತೆ, ಆಮೇಲೆ 1938ರಲ್ಲಿ ಇನ್‌ಫೆಲ್ಡ್ ಮತ್ತೆ ಹಾಫ್‌ಮನ್ ಜೊತೆ ಕೂತು ನೋಡಿದಾಗ ಎರಡನೇದು ಬೇರೆ ನಿಯಮವೇ ಅಲ್ಲ, ಮೊದಲನೇದರೊಳಗೇ ಇದೆ ಅಂತ ಗೊತ್ತಾಯ್ತು. ದೇಶಕಾಲ ಬಾಗೋ ಸಮೀಕರಣವೇ ಶಕ್ತಿ ಮತ್ತೆ ಸಂವೇಗ ಅಲ್ಲಲ್ಲೇ ಉಳೀಬೇಕು, ಸುಮ್ನೆ ಹುಟ್ಟೋ ಹಾಗಿಲ್ಲ ಕಾಣೆಯಾಗೋ ಹಾಗಿಲ್ಲ ಅಂತ ಕಟ್ಟುಮಾಡತ್ತೆ, ಸಣ್ಣ ವಸ್ತುವೊಂದು ಆ ಕಟ್ಟು ಪಾಲಿಸ್ಬೇಕಂದ್ರೆ ಜಿಯೊಡೆಸಿಕ್ ಬಿಟ್ಟು ಬೇರೆ ದಾರಿ ಇಲ್ಲ. ವಿದ್ಯುತ್‌ಕಾಂತ ಸಿದ್ಧಾಂತದಲ್ಲಿ ಕ್ಷೇತ್ರಕ್ಕೆ ಬೇರೆ ನಿಯಮ, ಕಣ ಹೇಗೆ ಚಲಿಸತ್ತೆ ಅನ್ನೋದಕ್ಕೆ ಬೇರೆ ನಿಯಮ ಬರೀಬೇಕು, ಗುರುತ್ವದಲ್ಲಿ ಒಂದೇ ಸಾಕು. ಸಿದ್ಧಾಂತದ ಅತ್ಯಂತ ಸುಂದರ ಭಾಗ ಯಾವುದು ಅಂತ ಕೇಳಿದ್ರೆ ನಾನು ಇದನ್ನೇ ಹೇಳೋದು.

ಎರಡು ಎಚ್ಚರಿಕೆ ಹೇಳಲೇಬೇಕು. ಒಂದು, ಗರಿಷ್ಠ ಸಮಯ ಅನ್ನೋದು ಹತ್ತಿರದ ದಾರಿಗಳಿಗೆ ಹೋಲಿಸಿ. ಭೂಮಿಯನ್ನ ಒಂದು ಪೂರ್ತಿ ಸುತ್ತು ಹಾಕಿ ಬಂದ ಉಪಗ್ರಹವೂ ಜಿಯೊಡೆಸಿಕ್, ಅದು ಹೊರಟ ಜಾಗದಿಂದಲೇ ಅದೇ ಕ್ಷಣ ನೆಟ್ಟಗೆ ಮೇಲಕ್ಕೆ ಹಾರಿ ಅದೇ ಹೊತ್ತಿಗೆ ಸರಿಯಾಗಿ ವಾಪಸ್ ಬಂದ ಗಡಿಯಾರವೂ ಜಿಯೊಡೆಸಿಕ್, ಎರಡೂ ಸ್ವತಂತ್ರವಾಗಿ ಬಿದ್ದವೇ, ಆದ್ರೆ ಮೇಲೆ ಹೋಗಿ ಬಂದದ್ದು ಜಾಸ್ತಿ ಸಮಯ ಎಣಿಸಿರತ್ತೆ. ಪೂರ್ತಿ ಸುತ್ತಿನ ಕಕ್ಷೆಯನ್ನ ಪರಮ ಗರಿಷ್ಠ ಅನ್ನೋ ಹಾಗಿಲ್ಲ, ಪುಸ್ತಕಗಳಲ್ಲಿ ಇದನ್ನ ಹಾರಿಸಿಬಿಡ್ತಾರೆ. ಎರಡು, ಇದೆಲ್ಲಾ ಸಣ್ಣ, ಗಿರಗಿರ ತಿರುಗದ ವಸ್ತುಗಳಿಗೆ. ಬುಗುರಿ ಥರ ತನ್ನ ಸುತ್ತ ತಿರುಗೋ ವಸ್ತು ಜಿಯೊಡೆಸಿಕ್‌ನಿಂದ ಕೂದಲೆಳೆಯಷ್ಟು ಆಚೀಚೆ ಹೋಗತ್ತೆ.

ಇಲ್ಲಿತನಕ ಬಾಗು ಬಾಗು ಅಂದ್ರೂ ಒಂದು ಚೆಂಡನ್ನ ಮಾತ್ರ ನೋಡಿದ್ರೆ ದೇಶಕಾಲ ನಿಜವಾಗ್ಲೂ ಬಾಗಿದೆಯಾ ಇಲ್ವಾ ಅಂತ ಹೇಳೋಕಾಗಲ್ಲ. ಅದರ ಜೊತೆಗೇ ಬೀಳೋರಿಗೆ ಅದು ಪಕ್ಕದಲ್ಲಿ ಸುಮ್ನೆ ತೇಲ್ತಾ ಇರೋ ಹಾಗೆ ಕಾಣತ್ತೆ ಅಷ್ಟೆ. ಬಾಗು ಗೊತ್ತಾಗೋಕೆ ಎರಡು ಬೇಕು. ಒಂದು ಮೀಟರ್ ಅಂತರದಲ್ಲಿ ಎರಡು ಗುಂಡುಗಳನ್ನ ಒಟ್ಟಿಗೆ ಬಿಟ್ಟು, ಗಾಳಿ ಇಲ್ಲದೆ 100 ಮೀಟರ್ ಬೀಳಿಸಿದ್ರೆ, ಎರಡೂ ಭೂಮಿಯ ಕೇಂದ್ರದ ಕಡೆಗೇ ಹೋಗೋದ್ರಿಂದ ಅವುಗಳ ಅಂತರ ಸುಮಾರು 16 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಕಮ್ಮಿಯಾಗಿರತ್ತೆ. ಒಂದರ ಮೇಲೊಂದು ಇಟ್ಟು ಬಿಟ್ರೆ ಅಂತರ ಜಾಸ್ತಿ ಆಗತ್ತೆ. ಜೊತೆಗೆ ಬೀಳೋರು ಇದನ್ನ ಯಾವ ಕಾರಣ ಹೇಳಿಯೂ ತಳ್ಳಿಹಾಕೋಕಾಗಲ್ಲ, ಎರಡೂ ಗುಂಡುಗಳ ಮೇಲೆ ಆಕ್ಸಿಲರೋಮೀಟರ್ ಇಟ್ರೂ ಸೊನ್ನೆ ತೋರಿಸತ್ತೆ, ಆದ್ರೂ ಹತ್ರ ಬರ್ತಿವೆ. ಯಾರೂ ತಳ್ಳದೆ ಎರಡು ನೇರ ದಾರಿಗಳು ಹತ್ರ ಬರೋದು ಅಂದ್ರೆ ಅದೇ ಬಾಗು. ಸಮುದ್ರದ ಉಬ್ಬರ ಇಳಿತಕ್ಕೂ ಇದೇ ಮೂಲ.

ಸ್ವತಂತ್ರ ಬೀಳುವಿಕೆಯನ್ನ ಮನುಷ್ಯರು ಎಷ್ಟು ಶುದ್ಧವಾಗಿ ಮಾಡಿ ತೋರಿಸಿದ್ದಾರೆ ಅಂತ ನೋಡೋಕೆ ಲೀಸಾ ಪಾಥ್‌ಫೈಂಡರ್‌ಗಿಂತ ಒಳ್ಳೇ ಉದಾಹರಣೆ ಇಲ್ಲ. ಯುರೋಪಿಯನ್ ಸ್ಪೇಸ್ ಏಜೆನ್ಸಿ 2015ರ ಡಿಸೆಂಬರ್‌ನಲ್ಲಿ ಹಾರಿಸಿದ್ದು, ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ ಕೆಲಸ ಮಾಡ್ತು. ಒಳಗೆ ಚಿನ್ನ ಪ್ಲಾಟಿನಂ ಮಿಶ್ರಲೋಹದ ಎರಡು ಘನಗಳು, ಒಂದೊಂದೂ 46 ಮಿಲಿಮೀಟರ್ ಅಂಚಿನದು, ಸುಮಾರು 2 ಕೆಜಿ, ಮಧ್ಯೆ ಸುಮಾರು 38 ಸೆಂಟಿಮೀಟರ್ ಅಂತರ. ಸೂರ್ಯನ ಬೆಳಕು ಕೂಡ ನೌಕೆಯನ್ನ ತಳ್ಳತ್ತೆ, ಆದ್ರೆ ಒಳಗಿರೋ ಘನಕ್ಕೆ ಆ ಬೆಳಕು ಮುಟ್ಟಲ್ಲ, ಅದು ತನ್ನ ಜಿಯೊಡೆಸಿಕ್‌ನಲ್ಲೇ ಹೋಗ್ತಿರತ್ತೆ. ಹಾಗಾಗಿ ನೌಕೆಯೇ ಸಣ್ಣ ಸಣ್ಣ ಥ್ರಸ್ಟರ್ ಬಳಸ್ಕೊಂಡು ಒಂದು ಘನದ ಹಿಂದೆ ಹೋಗ್ತಿತ್ತು, ಗೋಡೆ ಅದಕ್ಕೆ ತಾಗದ ಹಾಗೆ. ಎರಡು ಘನಗಳ ಮಧ್ಯೆ ಲೇಸರ್ ಬಿಟ್ಟು ಅಂತರ ನೋಡ್ತಾ ಇದ್ರು, ಅವು ಒಂದಕ್ಕೊಂದು ಹೋಲಿಸಿದ್ರೆ ಕಂಡ ಅಲುಗಾಟದ ಆಕ್ಸಿಲರೇಷನ್ ಭೂಮಿಯ ಗುರುತ್ವದ ಹತ್ತು ಕೋಟಿ ಕೋಟಿಯಲ್ಲಿ ಒಂದು ಪಾಲಿನ ಮಟ್ಟಕ್ಕಿಳಿದಿತ್ತು. ಬಾಹ್ಯಾಕಾಶದಲ್ಲಿ ಗುರುತ್ವ ಅಲೆಗಳನ್ನ, ಅಂದ್ರೆ ದೇಶಕಾಲದಲ್ಲೇ ಏಳೋ ಅಲೆಗಳನ್ನ, ಹಿಡಿಯೋಕೆ ಮುಂದೆ ಹಾರಿಸಲಿರೋ ಲೀಸಾ ಯೋಜನೆಗೆ ಬೇಕಾದ ತಯಾರಿ ಅದು.

ಜಾಗದ ಬಾಗಿಗೆ ಕೆಲಸವೇ ಇಲ್ವಾ ಅಂದ್ರೆ ಇದೆ, ವೇಗ ಜಾಸ್ತಿ ಆದಾಗ. ಬೆಳಕು ಸೂರ್ಯನ ಅಂಚನ್ನ ಸವರಿಕೊಂಡು ಹೋಗುವಾಗ ಕಾಲದ ಕಡೆಯ ಬಾಗು 0.87 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದ್ರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ತಿರುಗಿಸತ್ತೆ, ಜಾಗದ್ದು ಇನ್ನೊಂದು ಅಷ್ಟೇ, ಒಟ್ಟು 1.75. 1919ರ ಮೇ 29ರ ಗ್ರಹಣದಲ್ಲಿ ಎಡಿಂಗ್ಟನ್ ಮತ್ತೆ ಸಂಗಡಿಗರು ಪ್ರಿನ್ಸಿಪೆ ದ್ವೀಪ ಮತ್ತೆ ಬ್ರೆಜಿಲ್‌ನ ಸೊಬ್ರಾಲ್‌ನಿಂದ ಅಳೆದಾಗ ಗೆದ್ದಿದ್ದು ಅರ್ಧ ಅಲ್ಲ, ಪೂರ್ತಿ ಸಂಖ್ಯೆ. ಬುಧನ ಕಕ್ಷೆ ಶತಮಾನಕ್ಕೆ 43 ಆರ್ಕ್‌ಸೆಕೆಂಡ್ ಹೆಚ್ಚುವರಿಯಾಗಿ ಜರುಗೋದರಲ್ಲೂ ಜಾಗದ ಪಾಲಿದೆ.

ಕೊನೇದಾಗಿ ಜಿಯೊಡೆಸಿಕ್‌ಗಳು ಒಟ್ಟಾಗಿ ಏನು ಮಾಡ್ತವೆ ಅನ್ನೋ ವಿಷಯ. 1955ರಲ್ಲಿ ಕೋಲ್ಕತ್ತಾದ ಅಮಲ್ ಕುಮಾರ್ ರಾಯ್‌ಚೌಧುರಿ ಒಂದು ಸಮೀಕರಣ ಪ್ರಕಟಿಸಿದ್ರು, ಒಂದು ಕಟ್ಟು ಜಿಯೊಡೆಸಿಕ್‌ಗಳು ಜೊತೆಯಾಗಿ ಹೋಗುವಾಗ ಅವು ಹತ್ರ ಆಗ್ತವಾ ದೂರ ಆಗ್ತವಾ ಅಂತ ಹೇಳೋ ಸಮೀಕರಣ. ಸಾಮಾನ್ಯ ದ್ರವ್ಯ ಇರೋ ಕಡೆ ಗುರುತ್ವ ಅವನ್ನ ಹತ್ರಾನೇ ತರತ್ತೆ ಅಂತ ಅದರಿಂದ ಸ್ಪಷ್ಟವಾಯ್ತು. ಅದನ್ನ ಬಳಸ್ಕೊಂಡು ಪೆನ್‌ರೋಸ್ 1965ರಲ್ಲಿ, ನಕ್ಷತ್ರ ಒಂದು ಹಂತ ಮೀರಿ ಕುಸಿದ್ರೆ ಒಳಗಿನ ಯಾವುದೋ ಜಿಯೊಡೆಸಿಕ್ ಮುಂದುವರಿಯೋಕಾಗದೆ ಅಲ್ಲೇ ಮುಗಿಯಲೇಬೇಕು ಅಂತ ಸಾಧಿಸಿದ್ರು, 2020ರ ನೊಬೆಲ್ ಬಂದಿದ್ದು ಈ ಕೆಲಸಕ್ಕೆ.

ಮುಗಿಯೋದು ಅಂದ್ರೆ ಏನು ಅಂತ ಸಂಖ್ಯೆಯಲ್ಲೇ ಹೇಳಬಹುದು. ನಮ್ಮ ಗ್ಯಾಲಕ್ಸಿಯ ಮಧ್ಯೆ ಇರೋ ಕಪ್ಪುಕುಳಿ ಸುಮಾರು 43 ಲಕ್ಷ ಸೂರ್ಯರಷ್ಟು ಭಾರ, ಎಸ್2 ಅನ್ನೋ ನಕ್ಷತ್ರ 16 ವರ್ಷಕ್ಕೊಮ್ಮೆ ಅದರ ಸುತ್ತ ತನ್ನ ಜಿಯೊಡೆಸಿಕ್ ಸುತ್ತಿ ಬರತ್ತೆ. ಆ ಕಪ್ಪುಕುಳಿ ತಿರುಗ್ತಾ ಇಲ್ಲ ಅಂತ ಇಟ್ಕೊಂಡು ಲೆಕ್ಕ ಹಾಕಿದ್ರೆ, ಅದರ ಗಡಿ ದಾಟಿದ ಮೇಲೆ ಕೇಂದ್ರ ಮುಟ್ಟೋ ತನಕ ಯಾರ ಗಡಿಯಾರವೂ ಸುಮಾರು 66 ಸೆಕೆಂಡಿಗಿಂತ ಜಾಸ್ತಿ ಎಣಿಸೋಕೆ ಸಾಧ್ಯವಿಲ್ಲ. ತುಂಬಾ ದೂರದಲ್ಲಿ ನಿಂತಲ್ಲಿಂದ ಬೀಳ್ತಾ ಬಂದವರಿಗೆ ಸಿಗೋದು ಅದಕ್ಕಿಂತ ಕಮ್ಮಿ, ಸುಮಾರು 28 ಸೆಕೆಂಡು, ಒಳಗೆ ಬಂದ ತಕ್ಷಣ ರಾಕೆಟ್ ಉರಿಸಿ ಬೇರೆ ಜಿಯೊಡೆಸಿಕ್‌ಗೆ ದಾಟಿದ್ರೆ ಇನ್ನೊಂದಿಷ್ಟು ಸೆಕೆಂಡು ಗಳಿಸಬಹುದು. ಆದ್ರೆ ಆ 66 ಸೆಕೆಂಡಿನ ದಾರಿಯೂ ಸ್ವತಂತ್ರ ಬೀಳುವಿಕೆಯ ದಾರಿಯೇ, ಅದರ ಮೇಲೆ ಇರೋರು ಎಂಜಿನ್ ಉರಿಸಿ ಯಾವ ಕಡೆ ತಿರುಗಿದ್ರೂ ಉಳಿದಿರೋ ಸಮಯ ಕಮ್ಮಿಯೇ ಆಗತ್ತೆ.